ಕ್ಯಾಮೆರಾ ಕಂಬದ ಗವಾಯಿ

ಕಣ್ಣು ಕೊಟ್ಟ ದೇವರು ಜೊತೆಗೇ ರೆಪ್ಪೆಯನ್ನೂ ಕೊಟ್ಟ. ಕಾಣಬೇಕಾದ್ದನ್ನು ಕಾಣು, ಕಾಣಬಾರದ್ದು ಎದುರಾದರೆ ಮುಚ್ಚಿಕೋ ಎಂದು. ಮೇಲ್ಸೇತುವೆಯ ಬುಡದಲ್ಲಿ, ಕಂಬದ ನೆತ್ತಿಯ ಮೇಲೆ ಕೂತಿದ್ದ ಕ್ಯಾಮೆರಾಕ್ಕೆ ಆ ಭಾಗ್ಯವಿರಲಿಲ್ಲ. ವೇಗದ ಮಿತಿ ಮೀರಿ ಬಂದ ಗಾಡಿಯನ್ನೆಲ್ಲ ಅದು ಹಿಡಿಯುತ್ತಿತ್ತು. ಗಾಡಿಯ ಜೊತೆಗೆ ಗಾಜಿನ ಹಿಂದೆ ಕೂತವರನ್ನೂ ಹಿಡಿಯುತ್ತಿತ್ತು. ಹಿಡಿದದ್ದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸಲು ಸಂಚಾರ ಇಲಾಖೆ ಸಂಬಳ ಕೊಟ್ಟು ಕೂರಿಸಿದ್ದ ಪರೀಕ್ಷಕರಲ್ಲಿ ಈ ಕತೆಯ ಮನುಷ್ಯನೂ ಒಬ್ಬ.

ಉದ್ದನೆಯ ಕೋಣೆ. ಕಿಟಕಿಗಳಿಗೆ ದಪ್ಪ ಪರದೆ. ಸಾಲಾಗಿ ಮೇಜು, ಮೇಜಿಗೊಂದು ಕಂಪ್ಯೂಟರ್. ಯಂತ್ರ ಎಷ್ಟೇ ಚುರುಕಾದರೂ ಬಸ್ಸಿನ ಬೆನ್ನಿನ ಜಾಹೀರಾತಿನ ಅಂಕಿಯನ್ನೇ ಗಾಡಿಯ ನಂಬರು ಎಂದು ಓದಿಬಿಡುತ್ತದೆ, ಆಂಬುಲೆನ್ಸಿಗೂ ದಂಡ ಹಾಕಿಬಿಡುತ್ತದೆ. ಆದ್ದರಿಂದ ಪ್ರತಿ ಚಿತ್ರವನ್ನೂ ಮನುಷ್ಯನೊಬ್ಬ ತೆರೆದು ನೋಡಲೇಬೇಕು. ದಂಡದ ನೋಟಿಸು ಮನೆಗೆ ಹೋಗುವ ಮುಂಚೆ ಪಕ್ಕದ ಸೀಟಿನ ಮೇಲೆ ಒಂದು ಬೂದು ಚೌಕ ಎಳೆದು ಅಲ್ಲಿ ಕೂತವರನ್ನು ಮರೆಮಾಡಬೇಕು. ಹಿಂದೆ ಹಾಗೆ ಮಾಡದೆ ಕೆಲವು ಸಂಸಾರಗಳು ಮುರಿದಿದ್ದವು. ಇನ್ನು ಮಿತಿಯನ್ನು ಕೂದಲೆಳೆಯಷ್ಟು ಮಾತ್ರ ದಾಟಿದವರ ಚಿತ್ರಗಳಿದ್ದವಲ್ಲ, ಅವಕ್ಕೆ ಅಂಚಿನ ಚಿತ್ರ ಎಂದು ಹೆಸರು. ಅವರಿಗೆ ದಂಡವಿಲ್ಲ, ನೋಟಿಸೂ ಇಲ್ಲ. ನಂಬರು ಸರಿಯಾಗಿ ಬಿದ್ದಿದೆಯೇ ನೋಡಿ ಅಳಿಸಿಬಿಡಬೇಕು. ತಮ್ಮದೊಂದು ಚಿತ್ರ ತೆಗೆಯಲಾಗಿತ್ತು ಎಂಬುದೇ ಅವರಿಗೆ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ನಂಬರು ನೋಡು, ಮುಖ ನೋಡಬೇಡ. ಕೋಣೆಯಲ್ಲಿ ಕಂಡದ್ದು ಕೋಣೆಯಲ್ಲೇ ಇರಲಿ. ಕೆಲಸಕ್ಕೆ ಸೇರುವಾಗ ಪರೀಕ್ಷಕ ಮಾಡಿದ ಪ್ರಮಾಣ ಇಷ್ಟೇ. ಎದುರು ಮೇಜಿನ ಅಕ್ಕ ಅದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಕಂಪ್ಯೂಟರ್ ಪರದೆಯ ಮೇಲರ್ಧಕ್ಕೆ ಒಂದು ರಟ್ಟು ಕಟ್ಟಿಕೊಂಡು ಬರೀ ನಂಬರು ನೋಡುತ್ತಿದ್ದಳು. ಉಳಿದವರು ಅವಳನ್ನು ‘ರಟ್ಟಕ್ಕ’ ಎಂದು ಕರೆಯುತ್ತಿದ್ದರು. ಆ ಹೆಸರು ಇಟ್ಟವನು ಪರೀಕ್ಷಕನೇ. ಹೆಸರಿಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮುಖ ನೋಡದಿರುವುದು ಅವನಿಂದ ಆಗುತ್ತಿರಲಿಲ್ಲ, ಯಾಕೆಂದರೆ ಅಂಚಿನ ಚಿತ್ರಗಳಲ್ಲೇ ಜೀವ ಇರುತ್ತಿದ್ದದ್ದು. ಬಾಗಿಲು ಹಾಕಿಕೊಂಡು ಗಾಜು ಏರಿಸಿಕೊಂಡ ಮನುಷ್ಯ ಲೋಕದಲ್ಲಿ ತಾನೊಬ್ಬನೇ ಎಂದುಕೊಳ್ಳುತ್ತಾನೆ. ಒಬ್ಬ ಮೂಗಿನೊಳಗೆ ಬೆರಳಿಟ್ಟು ಧ್ಯಾನಸ್ಥನಾಗಿರುತ್ತಾನೆ. ಇನ್ನೊಬ್ಬ ಸ್ಟೇರಿಂಗಿಗೆ ಬೈಯುತ್ತಿರುತ್ತಾನೆ. ಒಬ್ಬಾಕೆ ಅಳುತ್ತ ಹೋಗುತ್ತಾಳೆ, ಮರುದಿನ ಅದೇ ಜಾಗದಲ್ಲಿ ನಗುತ್ತ ಹೋಗುತ್ತಾಳೆ. ಪರೀಕ್ಷಕ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದ, ಪಕ್ಕದವರನ್ನು ಕರೆದು ತೋರಿಸುತ್ತಿದ್ದ, ಆಮೇಲೆ ಅಳಿಸುತ್ತಿದ್ದ. ಅಳಿಸಿದ ಮೇಲೆ ಏನು ತಪ್ಪು? ಯಾರ ಗಂಟು ಹೋಯಿತು? ಹಾಗಂತ ಅವನೇ ತನಗೆ ಸಮಾಧಾನ ಹೇಳಿಕೊಂಡಿದ್ದ. ಕಾರಿನ ಒಳಗೂ ಮನೆಯ ಒಳಗಿದ್ದಂತೆ, ಅಲ್ಲಿ ಇಣುಕಬೇಡಿ ಎಂದು ಕೆಲವು ಚಾಲಕರು ಸಂಘ ಕಟ್ಟಿಕೊಂಡು ಕೂಗಾಡಿದಾಗ ಅವನು ಚಹಾ ಹೀರುತ್ತ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಇವರು ಎಂದು ನಗಾಡಿದ್ದ.

ಅಂಚಿನ ಚಿತ್ರಗಳಿಗೆಲ್ಲ ಅರಸನಂತಿದ್ದವನು ಗವಾಯಿ.

ಮಾಸಿದ ಹಸಿರು ಬಣ್ಣದ ಸಣ್ಣ ಕಾರು. ಕೆಲವು ತಿಂಗಳಿಂದ ಹೆಚ್ಚುಕಡಿಮೆ ಪ್ರತಿ ಬೆಳಿಗ್ಗೆ, ಸೇತುವೆ ಇಳಿಯುತ್ತಲೇ ಮಿತಿಯನ್ನು ಅಷ್ಟೇ ಅಷ್ಟು ದಾಟುತ್ತಿತ್ತು. ಒಳಗೆ ಒಬ್ಬರೇ, ನರೆತ ಮೀಸೆಯ ಮನುಷ್ಯ. ಗಲ್ಲ ಮೇಲೆತ್ತಿ, ಕುತ್ತಿಗೆ ಒಂದು ಕಡೆಗೆ ವಾಲಿಸಿ, ಕಣ್ಣು ಅರೆಮುಚ್ಚಿ, ಬಾಯನ್ನು ಗುಹೆಯಂತೆ ತೆರೆದಿರುತ್ತಿದ್ದರು. ಯಾವ ದಿನದ ಚಿತ್ರ ನೋಡಿದರೂ ಅದೇ ಬಾಯಿ. ಸಭೆಯನ್ನೇ ಮರೆತು ರಾಗ ಎಳೆಯುತ್ತಿರುವ ಸಂಗೀತಗಾರನ ಠೀವಿ. ‘ಬಂದ್ರಪ್ಪ ಗವಾಯಿಗಳು’ ಎಂದು ಪರೀಕ್ಷಕ ಕೂಗಿದರೆ ಇಡೀ ಕೋಣೆ ಕುರ್ಚಿ ತಿರುಗಿಸುತ್ತಿತ್ತು.

ಆ ಗವಾಯಿಯನ್ನು ಅವನು ಮನೆಗೂ ಕರೆತಂದ. ಊಟಕ್ಕೆ ಕೂತಾಗ ಗಲ್ಲ ಎತ್ತಿ, ಕುತ್ತಿಗೆ ವಾಲಿಸಿ, ಬಾಯಿ ತೆರೆದು ತೋರಿಸಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಹೆಂಡತಿಯ ತಮ್ಮ ಬೀದಿಯ ಕೊನೆಯಲ್ಲಿ ಟೈಲರ್ ಅಂಗಡಿ ಇಟ್ಟವನು, ಮದುವೆಯಾಗದೆ ಅಕ್ಕನ ಮನೆಯಲ್ಲೇ ಊಟ ಮಾಡುವವನು. ಅವನಂತೂ ಆ ವಿದ್ಯೆಯನ್ನು ಭಾವನಿಗಿಂತ ಒಂದು ಕೈ ಮೇಲಾಗಿಯೇ ಕಲಿತ. ಮನೆಯಲ್ಲಿ ಅದೊಂದು ಆಟವೇ ಆಯಿತು. ಒಬ್ಬರು ಗವಾಯಿಯ ಬಾಯಿ ಮಾಡಬೇಕು. ಮಿಕ್ಕವರು, ಬಾಯಲ್ಲಿ ಸಿಕ್ಕಿಕೊಂಡ ಹಾಡು ಯಾವುದು ಎಂದು ಹೇಳಬೇಕು. ಮಗಳೂ ಮೊದಮೊದಲು ನಕ್ಕಳು. ಆಮೇಲೆ, “ಪಾಪ ಅಪ್ಪ, ಅವರಿಗೆ ಗೊತ್ತಾದ್ರೆ?” ಎಂದಳು. ಹೇಗೆ ಗೊತ್ತಾಗುತ್ತದೆ ಎಂದ ಪರೀಕ್ಷಕ.

ಮಗಳು ತನ್ನ ಕಚೇರಿಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಹುಡುಗ ಬಂದು ಹೋಗಿದ್ದ, ಎಲ್ಲರಿಗೂ ಹಿಡಿಸಿದ್ದ. ಹಿರಿಯರು ಮುಖ ನೋಡಿಕೊಳ್ಳುವುದೊಂದು ಬಾಕಿ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುವುದೆಂದಾಯಿತು. ಹುಡುಗನ ತಾಯಿ ಶಾಲೆಯಲ್ಲಿ ಟೀಚರು, ತಂದೆಗೆ ಬಡಗಿ ಕೆಲಸ, ಮಾತು ತುಂಬ ಕಡಿಮೆ ಎಂದಷ್ಟೇ ಮಗಳು ಹೇಳಿದ್ದಳು. ಕಡಿಮೆ ಮಾತಾಡುವ ಬೀಗರು ಸಿಗುವುದು ಪೂರ್ವಜನ್ಮದ ಪುಣ್ಯ ಎಂದು ಟೈಲರ್ ಚಟಾಕಿ ಹಾರಿಸಿದ್ದ.

ಭಾನುವಾರ ಬಂತು. ಬಂದವರನ್ನು ಎದುರುಗೊಳ್ಳಲು ಪರೀಕ್ಷಕ ಗೇಟಿನ ತನಕ ಹೋದ. ಹುಡುಗ ನಗುತ್ತ ಇಳಿದ, ಅವನ ತಾಯಿ ಇಳಿದರು, ಕೊನೆಗೆ ಸ್ಟೇರಿಂಗ್ ಬಿಟ್ಟು ನರೆತ ಮೀಸೆಯ ಒಬ್ಬರು ಇಳಿದು ತಲೆಬಾಗಿ ಕೈ ಮುಗಿದರು. ಮುಖ ಎಲ್ಲೋ ನೋಡಿದ ಹಾಗಿತ್ತು, ಗುರುತು ಹತ್ತಲಿಲ್ಲ. ಗುರುತು ಹತ್ತುವುದಾದರೂ ಹೇಗೆ, ಆ ಬಾಯನ್ನು ಅವನು ಮುಚ್ಚಿದ್ದಾಗ ಒಮ್ಮೆಯೂ ನೋಡಿರಲಿಲ್ಲ. ಒಳಗೆ ಕರೆದೊಯ್ಯಲು ತಿರುಗುವಾಗ ಕಣ್ಣು ಅಭ್ಯಾಸಬಲದಿಂದ ನಂಬರಿನ ಮೇಲೆ ಬಿತ್ತು. ಮಾಸಿದ ಹಸಿರು ಕಾರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ನಂಬರು.

“ಒಳಗೆ ಬನ್ನಿ” ಎಂದ ದನಿ ತನ್ನದೇ ಹೌದೋ ಅಲ್ಲವೋ ಅನ್ನಿಸಿತು.

ಊಟದ ಹೊತ್ತಿನಲ್ಲಿ ಹುಡುಗನ ತಾಯಿಯೇ ಇಬ್ಬರ ಪಾಲಿನ ಮಾತನ್ನೂ ಆಡಿದರು. ಗಂಡನಿಗೆ ಏನಾದರೂ ಕೇಳಿದರೆ ಉತ್ತರ ಅವರಿಂದಲೇ ಬರುತ್ತಿತ್ತು. ಗಂಡ ನಕ್ಕು ತಲೆಯಾಡಿಸುತ್ತಿದ್ದರು. ಗರಗಸದ ಸದ್ದಿನಲ್ಲಿ ಇಡೀ ದಿನ ಇರುವವರಿಗೆ ಮಾತು ಯಾಕೆ ಬೇಕು ಎಂದು ಆಕೆ ಹಾಸ್ಯ ಮಾಡಿದರು. ಪರೀಕ್ಷಕನ ಕೆಲಸದ ವಿಷಯ ಬಂದಾಗ, ತಮ್ಮ ಮನೆಗೆ ಒಂದು ದಿನವೂ ದಂಡದ ನೋಟಿಸು ಬಂದಿಲ್ಲ, ಇವರು ಗಾಡಿ ಓಡಿಸಿದರೆ ಇರುವೆ ಹಿಂದೆ ಹಾಕಿ ಹೋಗುತ್ತದೆ ಎಂದರು. ಪರೀಕ್ಷಕ ಪಲ್ಯದ ಪಾತ್ರೆಯನ್ನು ಅವರ ಕಡೆ ಸರಿಸಿದ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಟೈಲರ್ ಸುಮ್ಮನಿರುವ ಜಾತಿಯಲ್ಲ. “ನಮ್ ಭಾವನ ಹತ್ರ ಕತೆ ಕೇಳ್ಬೇಕು ನೀವು,” ಎಂದು ಶುರು ಮಾಡಿದ. “ಕಾರಲ್ಲಿ ಒಬ್ಬೊಬ್ರೇ ಇದ್ದಾಗ ಜನ ಏನೇನ್ ಮಾಡ್ತಾರೆ ಅಂತ. ಅದರಲ್ಲೊಬ್ಬ ಇದಾನೆ—”

“ನೀರು ತಗೊಂಡ್ ಬಾ,” ಎಂದ ಪರೀಕ್ಷಕ. ದನಿ ಎಷ್ಟು ಗಡುಸಾಗಿತ್ತೆಂದರೆ ತುಂಬಿದ ತಂಬಿಗೆ ಎದುರಿಗೇ ಇದ್ದರೂ ಟೈಲರ್ ಎದ್ದು ಅಡುಗೆಮನೆಗೆ ಹೋದ. ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಅವನು ತಟ್ಟೆ ನೋಡಿದ.

ಊಟವಾಗಿ ಎಲ್ಲರೂ ನಡುಮನೆಯಲ್ಲಿ ಕೂತರು. ಆಗ ಹುಡುಗನ ತಂದೆ ಅಂಗಿಯ ಮಡಿಕೆ ಸರಿಮಾಡಿಕೊಂಡು ಎದ್ದು ನಿಂತರು. ಹೆಂಡತಿ ಏನೋ ಹೇಳಲು ಬಾಯಿ ತೆರೆದಾಗ ಕೈಯೆತ್ತಿ ತಡೆದರು. ಇದು ಮೊದಲೇ ತೀರ್ಮಾನವಾದ ಸಂಗತಿ ಎಂಬುದು ತಾಯಿ ಮಗ ಇಬ್ಬರ ಮುಖದಲ್ಲೂ ಇತ್ತು. ಮಗ ಉಸಿರು ಬಿಗಿಹಿಡಿದು ಅಪ್ಪನನ್ನೇ ನೋಡುತ್ತಿದ್ದ.

ಅವರು ಪರೀಕ್ಷಕನ ಕಡೆ ತಿರುಗಿದರು. ಗಲ್ಲ ಮೇಲೆದ್ದಿತು. ಕುತ್ತಿಗೆ ನಿಧಾನಕ್ಕೆ ಒಂದು ಕಡೆಗೆ ವಾಲಿತು. ಕಣ್ಣು ಅರೆಮುಚ್ಚಿತು. ಬಾಯಿ ತೆರೆದುಕೊಂಡಿತು, ತೆರೆದೇ ನಿಂತಿತು. ಅದರಿಂದ ಏನೂ ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಬಲಗಾಲು ನೆಲವನ್ನು ಒತ್ತುತ್ತಿತ್ತು, ಸಿಕ್ಕಿಕೊಂಡ ಬಾಗಿಲನ್ನು ಒದ್ದು ತೆಗೆಯುವವರ ಹಾಗೆ. ಮಾತು ಬರಲಿಲ್ಲ.

ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಟೈಲರ್ ಕಿಸಕ್ಕನೆ ನಕ್ಕ.

ಅವನಿಗೆ ಈ ಕಾರೂ ಗೊತ್ತಿಲ್ಲ, ಗವಾಯಿ ಇವರೇ ಎಂದೂ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಭಾವ ಕಲಿಸಿದ ಆಟ ಒಂದೇ. ಅಚ್ಚಿನಿಂದ ಎತ್ತಿದಂತೆ ಅದೇ ಬಾಯಿ ಎದುರಿಗೆ ತೆರೆದುಕೊಂಡಾಗ ನಗು ಬಂದುಬಿಟ್ಟಿತ್ತು, ಬಾ ಎಂದು ಕರೆದು ಬಂದದ್ದಲ್ಲ. ನಗು ಕೆಮ್ಮಿನಂತೆ ಅಂಟುಜಾಡ್ಯ. ಪರೀಕ್ಷಕನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ಒತ್ತಿಕೊಂಡದ್ದು ಎಲ್ಲರಿಗೂ ಕಂಡಿತು. ಮಗಳೊಬ್ಬಳು ನಗಲಿಲ್ಲ. ಅವಳು ಹುಡುಗನ ತಂದೆಯನ್ನು ನೋಡಿ, ಆಮೇಲೆ ತನ್ನ ಅಪ್ಪನನ್ನು ನೋಡಿದಳು. ಅವಳಿಗೆ ತಿಳಿದುಹೋಗಿತ್ತು. ಹೆತ್ತ ಮಗಳು ತನ್ನನ್ನು ಹಾಗೆ ನೋಡುವ ದಿನ ಬರುತ್ತದೆಂದು ಪರೀಕ್ಷಕ ಕನಸಿನಲ್ಲೂ ಎಣಿಸಿರಲಿಲ್ಲ.

ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಅವರು ಯಾರ ಮುಖವನ್ನೂ ನೋಡದೆ ಮತ್ತೊಮ್ಮೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಹುಡುಗ ಎದ್ದು ಹಿಂದೆ ಹೋಗಲು ನೋಡಿದ. ತಾಯಿ ಅವನ ತೋಳು ಹಿಡಿದು ಕೂರಿಸಿದರು. “ಸ್ವಲ್ಪ ತೊದಲು ಇದೆ ಅವರಿಗೆ,” ಎಂದರು. “ನಿಮ್ಮಲ್ಲಿ ನಗ್ತಾರೆ ಅಂತ ನಾವು ಅಂದ್ಕೊಂಡಿರ್ಲಿಲ್ಲ.”

ಟೈಲರನ ಮುಖ ಸುಣ್ಣದ ಗೋಡೆಯಾಗಿತ್ತು. “ಅಯ್ಯೋ ಅಮ್ಮ, ನಾನು ನಕ್ಕಿದ್ದು ಅದಕ್ಕಲ್ಲ…” ಎಂದು ತಡವರಿಸಿ ಭಾವನ ಕಡೆ ನೋಡಿದ. ಮತ್ಯಾವುದಕ್ಕೆ ಎಂದು ಅವನು ಹೇಳಬೇಕು?

ಪರೀಕ್ಷಕನ ಮುಂದೆ ಎರಡು ದಾರಿ ಇದ್ದವು. ಸುಮ್ಮನಿದ್ದರೆ, ತೊದಲುವವರನ್ನು ಕಂಡು ನಗುವ ಮನೆ ಎಂಬ ಹೆಸರು ಹೊತ್ತು ಮಗಳ ಸಂಬಂಧ ಮುರಿಯುತ್ತದೆ, ಅಪರಾಧ ಹೆಂಡತಿಯ ಮತ್ತು ಅವಳ ತಮ್ಮನ ತಲೆಗೆ ಹೋಗುತ್ತದೆ. ನಿಜ ಹೇಳಿದರೆ, ಅದಕ್ಕಿಂತ ಹೀನವಾದ್ದು ಹೊರಗೆ ಬರುತ್ತದೆ. ಕೆಲಸಕ್ಕೂ ಸಂಚಕಾರ ಬರಬಹುದು. ಅವನು ಎದ್ದು ಹೊರಗೆ ಹೋದ.

ಅವರು ಕಾರಿನೊಳಗೆ ಸ್ಟೇರಿಂಗ್ ಹಿಡಿದು ಕೂತಿದ್ದರು. ಇಂಜಿನ್ ಶುರು ಮಾಡಿರಲಿಲ್ಲ. ಪರೀಕ್ಷಕ ಗಾಜು ತಟ್ಟಿದ. ಅವರು ಕೈಚಾಚಿ ಪಕ್ಕದ ಬಾಗಿಲು ತೆರೆದರು. ದಿನವೂ ಎದುರಿನಿಂದ ಕಂಡ ಆ ಸೀಟಿನಲ್ಲಿ ಕೂತಾಗ ಮರದ ಹೊಟ್ಟಿನ ವಾಸನೆ ಬಂತು. ಚಿತ್ರದಲ್ಲಿ ವಾಸನೆ ಇರುತ್ತಿರಲಿಲ್ಲ.

“ಮೇಲ್ಸೇತುವೆ ಹತ್ರ ಕ್ಯಾಮೆರಾ ಇದೆಯಲ್ಲ,” ಎಂದ ಪರೀಕ್ಷಕ ಮುಂದಿನ ಗಾಜನ್ನೇ ನೋಡುತ್ತ. “ಅದರ ಚಿತ್ರ ಬರೋದು ನನ್ನ ಮೇಜಿಗೆ. ಬೆಳಿಗ್ಗೆ ಬೆಳಿಗ್ಗೆ ನಿಮ್ಮನ್ನ ನೋಡಿದೀನಿ. ನೋಡಬೇಕಾದ ಅಗತ್ಯ ಇರ್ಲಿಲ್ಲ, ಆದ್ರೂ ದೊಡ್ಡದು ಮಾಡಿ ನೋಡಿದೀನಿ. ನಿಮಗೊಂದು ಹೆಸರಿಟ್ಟೆ. ಮನೆಗೆ ಬಂದು ನಿಮ್ಮ ಥರ ಬಾಯಿ ಮಾಡಿ ಎಲ್ಲರನ್ನೂ ನಗಿಸಿದೆ. ಇವತ್ತು ಅವರು ನಕ್ಕಿದ್ದು ನಿಮ್ಮ ಮಾತಿಗಲ್ಲ. ನಾನು ಕಲಿಸಿದ್ದಕ್ಕೆ. ಆ ಚಿತ್ರದಲ್ಲಿದ್ದೋರು ನೀವೇ ಅಂತಲೂ ಅವರಿಗೆ ಗೊತ್ತಿಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಬೆನ್ನು ಕೊಟ್ಟು ಕೂರಬಹುದಿತ್ತು. ಕೇಳಿದ್ದು ಒಂದೇ ಮಾತು.

“ಸದ್ದೂ ಬರತ್ತಾ ಅದ್ರಲ್ಲಿ?”

“ಇಲ್ಲ. ಬರೀ ಚಿತ್ರ.”

ಅವರ ಹೆಗಲು ಒಂದಿಷ್ಟು ಇಳಿಯಿತು. ಸದ್ದು ಬರುವುದಿಲ್ಲ ಎಂಬುದು ಅವರಿಗೆ ಸಮಾಧಾನದ ಸುದ್ದಿಯಾಗಿತ್ತು. ಅದನ್ನು ಕಂಡು ಪರೀಕ್ಷಕನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತೋಚಲಿಲ್ಲ.

ಆಮೇಲೆ ಅವರು ಹೇಳಿದರು. ಆ ಮಾತು ಹೇಗೆ ತುಂಡುತುಂಡಾಗಿ ಬಂತು ಎಂಬುದನ್ನು ಇಲ್ಲಿ ಆಡಿ ತೋರಿಸಬಾರದು. ಒಮ್ಮೆ ಆಡಿ ತೋರಿಸಿದ್ದೇ ಸಾಕು. ಹೇಳಿದ್ದರ ಸಾರ ಇಷ್ಟು. ಹುಟ್ಟಿದಾಗಿನಿಂದ ಅವರ ಮಾತನ್ನು ಬೇರೆಯವರೇ ಮುಗಿಸಿಕೊಟ್ಟಿದ್ದಾರೆ. ಮೊದಲು ತಾಯಿ, ಆಮೇಲೆ ಹೆಂಡತಿ, ಈಗ ಮಗನೂ. ಎಲ್ಲರೂ ಪ್ರೀತಿಯಿಂದಲೇ ಮುಗಿಸುತ್ತಾರೆ. ಆದರೆ ಮಗ ಹುಡುಗಿಯ ವಿಷಯ ಹೇಳಿದ ದಿನ ಅವರಿಗೊಂದು ಆಸೆ ಹುಟ್ಟಿತು. ಹುಡುಗಿಯ ಅಪ್ಪನ ಎದುರು ನಿಂತು ಒಂದು ಮಾತನ್ನು ಮಾತ್ರ ತಾನೇ ಕೇಳಬೇಕು. ‘ಅಕ್ಕರೆಯಿಂದ ಬೆಳೆಸಿದ ಮಗಳನ್ನ ನಮ್ಮ ಮನೆಗೆ ಕೊಡ್ತೀರಾ?’ ಅಷ್ಟೇ ಮಾತು. ಅಕ್ಕರೆ ಅನ್ನುವ ಮೊದಲ ಪದವೇ ಗಂಟಲಲ್ಲಿ ನಿಲ್ಲುತ್ತಿತ್ತು. ಬೇರೆ ಪದ ಹಾಕಿಕೊಳ್ಳಿ ಎಂದರಂತೆ ಹೆಂಡತಿ. ಇವರಿಗೆ ಅದೇ ಪದ ಬೇಕಿತ್ತು. ಮನೆಯಲ್ಲಿ ಅಭ್ಯಾಸ ಮಾಡಲು ನಾಚಿಕೆ, ಕೆಲಸ ಮಾಡುವ ಮರದ ಕಾರ್ಖಾನೆಯಲ್ಲಿ ಜನ. ಯಾರೂ ನೋಡದ, ಯಾರೂ ಕೇಳದ ಜಾಗ ಈ ಕಾರೊಂದೇ. ಬೆಳಿಗ್ಗೆ ಸೇತುವೆ ಇಳಿಯುವಲ್ಲಿ ಶುರು ಮಾಡುತ್ತಿದ್ದರು. ಪದ ನಿಂತಾಗ ಅದನ್ನು ಹೊರಗೆ ನೂಕಲು ಮೈಯೆಲ್ಲ ಸೆಟೆದು, ಕಾಲು ಗೊತ್ತಿಲ್ಲದೆ ಪೆಡಲನ್ನು ಒತ್ತುತ್ತಿತ್ತು. ಗಾಡಿ ಒಂದು ಚೂರು ಮುಂದಕ್ಕೆ ಚಿಮ್ಮುತ್ತಿತ್ತು. ಕಂಬ ದಾಟಿದ ಮೇಲೆ ಪದ ಬಿಡಿಸಿಕೊಂಡು ಮಾತು ಸರಾಗವಾಗಿ ಬರುತ್ತಿತ್ತು. ಕಾರ್ಖಾನೆ ತಲುಪುವ ತನಕ ಮತ್ತೆ ಮತ್ತೆ, ಜಪದ ಹಾಗೆ, ಹೇಳಿಕೊಂಡು ಹೋಗುತ್ತಿದ್ದರು.

ಪರೀಕ್ಷಕ ಕೇಳುತ್ತ ಕೂತ. ಕ್ಯಾಮೆರಾ ಹಿಡಿದದ್ದು ಪದ ಸಿಕ್ಕಿಕೊಂಡ ಆ ಒಂದು ಗಳಿಗೆಯನ್ನು. ಅದನ್ನೇ ತಟ್ಟೆಯ ಮುಂದೆ ಕೂತು ಯಾವ ಹಾಡು ಎಂದು ಊಹಿಸಿ ನಕ್ಕಿದ್ದರು. ಹಾಡಲ್ಲ ಅದು. ತಾನು ನಗುತ್ತಿದ್ದಷ್ಟು ದಿನವೂ ಇವರು ತನ್ನ ಮಗಳನ್ನು ತನ್ನಲ್ಲಿ ಕೇಳುತ್ತಿದ್ದರು.

“ತಪ್ಪಾಯ್ತು,” ಎಂದ. ಇನ್ನೂ ಏನಾದರೂ ಹೇಳಬೇಕೆನ್ನಿಸಿತು. ಅದಕ್ಕಿಂತ ದೊಡ್ಡ ಮಾತು ಅವನಲ್ಲಿರಲಿಲ್ಲ.

ಅವರು ತಲೆಯಾಡಿಸಿದರು. ಕ್ಷಮಿಸಿದೆ ಎಂದೋ, ಕೇಳಿಸಿತು ಎಂದೋ, ಗೊತ್ತಾಗಲಿಲ್ಲ. ಆಮೇಲೆ ಸೀಟಿನಲ್ಲೇ ಅವನ ಕಡೆಗೆ ತಿರುಗಿ ಕೂತರು. ಮನೆಯೊಳಗೆ ಬಾರದ್ದು ಇಲ್ಲಾದರೂ ಬಂದೀತು ಎಂದಿರಬೇಕು. ಗಲ್ಲ ಎತ್ತಿದರು. ಬಾಯಿ ತೆರೆಯಿತು. ‘ಅ’ ಎಂಬ ಉಸಿರು ಗಂಟಲ ತನಕ ಬಂದು ನಿಂತಿತು. ನಿಂತೇ ಇತ್ತು. ಪರೀಕ್ಷಕನಿಗೆ ಮುಂದಿನ ಪದ ಗೊತ್ತಿತ್ತು. ಅದು ಅವನ ತುಟಿಗೂ ಬಂತು. ಹೇಳಿಬಿಟ್ಟರೆ ಇಬ್ಬರಿಗೂ ಬಿಡುಗಡೆ. ಅವನು ನಾಲಿಗೆ ಕಚ್ಚಿಕೊಂಡ. ಆ ಬಾಯಿಗೆ ತಾನು ತುಂಬಿದ ಮಾತು ಈಗಾಗಲೇ ಹೆಚ್ಚಾಗಿತ್ತು.

ಅವರು ಸೋತು ಹಿಂದಕ್ಕೊರಗಿದರು. ಈ ಕಾರಿನಲ್ಲಿ ಅವರ ಮಾತು ಹೀಗೆ ಪೂರ್ತಿ ನಿಂತುಹೋದದ್ದು ಇದೇ ಮೊದಲ ಸಲವೆಂದು ಮುಖವೇ ಹೇಳುತ್ತಿತ್ತು. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಇಲ್ಲಿ ಈಗ ಇನ್ನೊಬ್ಬರು ಕೂತಿದ್ದರು. ಇವತ್ತು ಇಳಿದುಹೋದರೂ ನಾಳೆ ಬೆಳಿಗ್ಗೆ ಸೇತುವೆ ಇಳಿಯುವಾಗ ಅವರ ಪಾಲಿಗೆ ಈ ಸೀಟು ಖಾಲಿ ಇರುವುದಿಲ್ಲ.

“ನಾನು ಇಳೀತೀನಿ,” ಎಂದ ಪರೀಕ್ಷಕ. “ನೀವು ಗಾಜು ಏರಿಸ್ಕೊಳಿ. ಎಷ್ಟು ಹೊತ್ತು ಬೇಕಾದ್ರೂ ಆಗ್ಲಿ. ಒಳಗೆ ಯಾರೂ ಏನೂ ಕೇಳೋದಿಲ್ಲ. ನೀವು ಬಂದು ಹೇಳೋವರೆಗೂ ನಾವು ಕಾಯ್ತೀವಿ. ಹೇಳಬೇಕು ಅನ್ನಿಸದಿದ್ರೆ ಹಾಗೇ ಹೊರಟುಬಿಡಿ, ಅದೂ ನ್ಯಾಯವೇ.”

ಅವನು ಇಳಿದು ಬಾಗಿಲು ಹಾಕಿದ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಕಾರಿಗೆ ಬೆನ್ನು ಹಾಕಿ ಬೀದಿಯ ಕಡೆ ಮುಖ ಮಾಡಿ ನಿಂತ. ಗೇಟಿನಲ್ಲಿ ಟೈಲರ್ ಕಾಣಿಸಿಕೊಂಡ, ಹೊಡೆತ ತಿಂದ ನಾಯಿಯ ಹಾಗೆ. “ಭಾವ, ಏನಂತೆ? ನಾನು ಕಾಲಿಗೆ ಬೀಳ್ಲಾ?” ಎಂದ. ಬೇಡ, ಒಳಗೆ ಹೋಗು, ಕಿಟಕಿಯ ಪರದೆ ಎಳೆ ಎಂದು ಪರೀಕ್ಷಕ ಕೈಸನ್ನೆ ಮಾಡಿದ. ಪರದೆಯ ಸಂದಿಯಲ್ಲಿ ಮಗಳ ಮುಖ ಒಂದು ಕ್ಷಣ ಕಂಡು, ಮರೆಯಾಯಿತು.

ಬೆನ್ನ ಹಿಂದೆ ಗಾಜು ಏರಿದ ಸದ್ದಾಯಿತು. ಆಮೇಲೆ ಒಳಗಿಂದ ಎಂಥದೋ ಒಂದು ದನಿ, ದೂರದ ಮನೆಯಲ್ಲಿ ಯಾರೋ ಪಠಿಸುತ್ತಿರುವಂತೆ, ಏರಿ ನಿಂತು ಮತ್ತೆ ಮೊದಲಿಂದ ಶುರುವಾಗುವ ದನಿ. ಮಾತು ಬಿಡಿಸಿಕೊಂಡಿತೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಬಾಯಿಯ ಆಕಾರದಿಂದಲೇ ತಿಳಿಯುತ್ತಿತ್ತು. ಪರೀಕ್ಷಕ ಕತ್ತನ್ನು ಕಲ್ಲು ಮಾಡಿಕೊಂಡು ನಿಂತ.

ಎದುರುಮನೆಯವರು ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಬಿಸಿಲಲ್ಲಿ ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದರು.

“ಹುಡುಗನ ಅಪ್ಪನಿಗೆ,” ಎಂದ. ಬೀಗರಿಗೆ ಎನ್ನುವಷ್ಟು ಧೈರ್ಯ ಬರಲಿಲ್ಲ.